ತಂಗಿಯ ಬಾಡಿಗೆ, ನನ್ನ ರಸೀದಿ

ರಸೀದಿ ಟಿಕೇಟಿನ ಹಿಂದಿನ ಅಂಟನ್ನು ನೀವು ಎಂದಾದರೂ ಗಮನವಿಟ್ಟು ನೆಕ್ಕಿದ್ದೀರಾ? ಅವಸರದಲ್ಲಿ ನಾಲಿಗೆ ತಾಗಿಸಿ ಕಾಗದಕ್ಕೆ ಒತ್ತಿಬಿಡುವವರಿಗೆ ಅದರ ರುಚಿ ತಿಳಿಯುವುದಿಲ್ಲ. ಮೊದಲು ತುಸು ಸಿಹಿ, ಹಿಂದೆಯೇ ಒಂದು ಬಗೆಯ ಒಗರು, ಕೊನೆಗೆ ಎರಡು ತಂಬಿಗೆ ನೀರು ಕುಡಿದರೂ ನಾಲಿಗೆಯ ತುದಿ ಬಿಟ್ಟು ಕದಲದ ಜಿಗುಟು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ನನಗೆ ಲೋಕದ ಎಷ್ಟೋ ಸಂಗತಿಗಳು ಗೊತ್ತಿಲ್ಲ. ಆದರೆ ಈ ಒಂದು ರುಚಿಯ ವಿಷಯದಲ್ಲಿ ಮಾತ್ರ ನಾನು ಪಂಡಿತನೇ ಸರಿ!

ರಾಯಚೂರಿನ ಬಜಾರಿನಲ್ಲಿ ನನ್ನದೊಂದು ದರ್ಜಿ ಅಂಗಡಿ. ಅಂಗಿ, ಚೊಣ್ಣ ಹೊಲಿದು ಹೊಲಿದು, ಎಪ್ಪತ್ತರ ದಶಕದ ನಡುವೆ ಹೇಗೋ ಒಂದು ಮನೆ ಕಟ್ಟಿಸಿದೆ. ಹಿಂದಿನ ಭಾಗದಲ್ಲಿ ನಾವು, ಮುಂದೆ ಎರಡು ಖಾಲಿ ಕೋಣೆ. ಅದೇ ಹೊತ್ತಿಗೆ ಸರ್ಕಾರಿ ಶಾಲೆಯ ಟೀಚರಾಗಿದ್ದ ನನ್ನ ತಂಗಿ ಈರಮ್ಮನಿಗೆ ದೇವದುರ್ಗದಿಂದ ರಾಯಚೂರಿಗೆ ವರ್ಗವಾಯಿತು. ಅವಳ ಗಂಡ ಗಬ್ಬೂರಿನಲ್ಲಿ ಹೊಲ ನೋಡಿಕೊಂಡಿದ್ದು ಶನಿವಾರದ ಬಸ್ಸಿಗೆ ಬಂದು ಹೋಗುತ್ತಿದ್ದ. ಈರಮ್ಮ ಮುಂದಿನ ಕೋಣೆಗಳಲ್ಲಿ ಟ್ರಂಕು ಇಳಿಸಿದ ದಿನ ನನಗಾದ ಸಂಭ್ರಮ ಅಷ್ಟಿಷ್ಟಲ್ಲ. ಬಾಗಿಲ ಮೇಲೆ ಅವಳ ಹೆಸರು ಬರೆದ ಹಲಗೆಯನ್ನು ನಾನೇ ಮೊಳೆ ಹೊಡೆದು ನಿಲ್ಲಿಸಿದೆ. ಸೊಟ್ಟಗಾಯಿತೆಂದು ಮೂರು ಸಲ ಕಿತ್ತೆ.

ಆಗ ಅವಳು ಹೇಳಿದ ಸುದ್ದಿ ಇನ್ನೂ ದೊಡ್ಡದು. ಬಾಡಿಗೆ ಮನೆಯಲ್ಲಿರುವ ನೌಕರರಿಗೆ ಸರ್ಕಾರ ಮನೆ ಬಾಡಿಗೆ ಭತ್ಯೆ ಕೊಡುತ್ತದಂತೆ. ಪ್ರತಿ ತಿಂಗಳು ಮನೆ ಮಾಲೀಕ ಟಿಕೇಟು ಹಚ್ಚಿ ಸಹಿ ಮಾಡಿದ ರಸೀದಿ ಇದ್ದರೆ ಸಾಕಂತೆ. ನನ್ನ ಸಹಿಯನ್ನು ಸರ್ಕಾರ ನಂಬುತ್ತದೆ! ಬಟ್ಟೆ ಕತ್ತರಿಸುವ ಖಾಕಿ ಕಾಗದದ ಮೇಲೆ ಒಂದು ವಾರ ಅಭ್ಯಾಸ ಮಾಡಿ, ಕೊನೆಯ ಅಕ್ಷರಕ್ಕೆ ನವಿಲಿನ ಬಾಲದಂಥ ಒಂದು ಗೀಟು ಎಳೆಯುವುದನ್ನು ಕಲಿತೆ. ಒಕ್ಕಣೆ ಅವಳದು, ಬಾಲ ನನ್ನದು.

ಇಲ್ಲಿಯವರೆಗೆ ಎಲ್ಲವೂ ಸರಿ. ಎಡವಟ್ಟು ಇರುವುದು ನಮ್ಮ ಮಂದಿಯ ರೀತಿಯಲ್ಲಿ. ಮನೆಮಗಳು ತವರಿಗೆ ಬಂದರೆ ಅವಳಿಗೆ ಕೊಡಬೇಕು: ಕುಪ್ಪಸ, ಉಡಿಯಕ್ಕಿ, ಕೈಲಾದರೆ ಒಂದು ಸೀರೆ. ಅವಳ ಕೈಯಿಂದ ತೆಗೆದುಕೊಳ್ಳುವುದೆಂದರೆ ಊರ ಮುಂದೆ ತಲೆ ತಗ್ಗಿಸುವ ಮಾತು. ಮೊದಲ ತಿಂಗಳು ಈರಮ್ಮ ಬಾಡಿಗೆ ತಂದಾಗ ನಾನು ಬೇಡವೆಂದೆ. ಎಷ್ಟು ಸಲ ಎಂದು ಕೇಳಬೇಡಿ, ಒಂದೇ ಸಲ. ಅವಳು ಮನೆಯಲ್ಲಿದ್ದ ಹೊಲಿಗೆ ಮಿಷನ್ನಿನ ಮೇಲಿಟ್ಟು ಹೋದಳು; ನಾನು ಜೇಬಿಗಿಳಿಸಿದೆ. ಮುಂದೆ ನಾನಾಗಿ ಎಂದೂ ಕೇಳಲಿಲ್ಲ. ತಿಂಗಳ ಮೊದಲ ವಾರ ಅವಳ ಬಾಗಿಲ ಮುಂದೆ ಹಾಯುವಾಗ ತುಸು ಕೆಮ್ಮುತ್ತಿದ್ದೆ, ಅಷ್ಟೇ.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಅಂಗಡಿಯ ಪಕ್ಕ ಮಹಬೂಬ್ ಚಾಚಾನ ಚಹಾದ ಹೋಟೆಲು; ಅಲ್ಲಿ ಕೂತವರ ಕಿವಿಗಳೆಲ್ಲ ನನ್ನ ಕಡೆಗೇ. ಯಾರೋ ಒಮ್ಮೆ, "ತಂಗೀನ್ನ ಪುಕ್ಕಟೆ ಇಟ್ಕೊಂಡಿ ಏನಪಾ?" ಎಂದು ಕೇಳಿದರು. ನಾನು ಕತ್ತರಿ ಕೆಳಗಿಟ್ಟು, ಹೌದೆನ್ನದೆ, ಅಲ್ಲವೆನ್ನದೆ, ಗಂಭೀರವಾಗಿ ನಕ್ಕೆ. ಆ ನಗುವಿನಿಂದ ನನಗೆ ಬಂದ ಕೀರ್ತಿಯನ್ನು ಏನೆಂದು ಹೇಳಲಿ! ತಿಂಗಳೊಪ್ಪತ್ತಿನಲ್ಲಿ ನಗು ಮಾತಾಯಿತು, ಮಾತು ಭಾಷಣವಾಯಿತು. ಈರಮ್ಮನ ಕಿವಿಗೂ ಅದು ಬಿದ್ದಿರಬೇಕು. ಆದರೆ ಅಣ್ಣನಿಗೆ ಸಿಗುವ ಹೊಗಳಿಕೆಯನ್ನು ಕಿತ್ತುಕೊಳ್ಳುವಷ್ಟು ಗಟ್ಟಿ ಮನಸ್ಸು ಅವಳದಲ್ಲ.

ಹೀಗೆ ಮೂರು ವರ್ಷ. ಒಂದು ದಿನ ಸಂತೆಯ ಹೊತ್ತಿನಲ್ಲಿ ಅವಳ ಇಲಾಖೆಯ ಕಚೇರಿಯಿಂದ ಕನ್ನಡಕದ ಸಾಹೇಬರೊಬ್ಬರು ಅಂಗಡಿಗೇ ಬಂದರು. ರಸೀದಿ ಕೊಟ್ಟವನ ತಂದೆಯ ಹೆಸರೂ ಟೀಚರ ತಂದೆಯ ಹೆಸರೂ ಒಂದೇ ಎಂದು ಯಾರೋ ಕಂಡುಹಿಡಿದು, ರಸೀದಿ ಬರೀ ಹೆಸರಿಗಷ್ಟೇ ಇರಬಹುದೆಂದು ಅನುಮಾನಿಸಿದ್ದರು. ಚಹಾದ ಬಸಿಗಳೆಲ್ಲ ತುಟಿಯ ಹತ್ತಿರವೇ ನಿಂತವು.

"ಈರಮ್ಮ ಟೀಚರ್ ನಿಮ್ಗ ಖರೇನ ಬಾಡಿಗಿ ಕೊಡ್ತಾರೇನ್ರೀ?"

ಹೌದೆಂದರೆ ಸತ್ಯ. ಇಲ್ಲವೆಂದರೆ ಕೀರ್ತಿ. ಎದುರಿಗೆ ಹನ್ನೆರಡು ಮಂದಿ. ನಾನು ಎದೆಯುಬ್ಬಿಸಿ ನಿಂತೆ.

"ಸಾಹೇಬ್ರ, ಮನಿಮಗಳ ಕೈಯಾಗಿಂದ ಬಾಡಿಗಿ ಇಸ್ಕೊಂಡು ಯಾವ ಮಾರಿ ಹೊತ್ಕೊಂಡು ತಿರಗ್ಲಿ? ನಾವು ಅಂಥಾ ಮಂದಿ ಅಲ್ರೀ!"

"ಶಾಬಾಸ್!" ಎಂದ ಮಹಬೂಬ್ ಚಾಚಾ. ಸಾಹೇಬರು ಅದನ್ನೇ ಬರೆದುಕೊಂಡು ಸಹಿ ಕೇಳಿದರು. ನಾನು ಆ ಹುರುಪಿನಲ್ಲಿ ನವಿಲಿನ ಬಾಲವನ್ನು ಎಂದಿಗಿಂತ ಉದ್ದವಾಗಿ ಎಳೆದೆ. ಅವರು ಚೀಲದೊಳಗಿನ ರಸೀದಿಗಳ ಕಟ್ಟಿನ ಜೊತೆಗೆ ಆ ಕಾಗದವನ್ನು ಇಟ್ಟುಕೊಂಡಾಗ ಮಾತ್ರ ನನಗೆ ಹೊಳೆಯಿತು: ಕೊಟ್ಟಿದ್ದಾಳೆ ಎನ್ನುವ ಕಾಗದಕ್ಕೂ ಕೊಟ್ಟಿಲ್ಲ ಎನ್ನುವ ಕಾಗದಕ್ಕೂ ಬಾಲ ನನ್ನದೇ.

ಮರುದಿನ ಶಾಲೆ ಬಿಟ್ಟು ಬಂದ ಈರಮ್ಮನ ಕೈಯಲ್ಲಿ ನೋಟೀಸು ಇತ್ತು. ಸುಳ್ಳು ರಸೀದಿ ಕೊಟ್ಟು ಭತ್ಯೆ ಪಡೆದಿದ್ದಾಳೆ, ವಾರದೊಳಗೆ ಉತ್ತರ ಕೊಡಬೇಕು, ಇಲ್ಲವಾದರೆ ಕೆಲಸದಿಂದ ಅಮಾನತು. ಅವಳು ಬೈಯಲಿಲ್ಲ, ಅಳಲಿಲ್ಲ.

"ಅಣ್ಣಾ, ನಾ ಕೊಟ್ಟದ್ದು ಕೊಟ್ಟಿಲ್ಲ ಅಂದಿ. ಹೋಗ್ಲಿ ಬಿಡು, ನಡೀತದ. ಆದ್ರ ನಾ ಕಳ್ಳಿ ಅಂತ ಸಹಿ ಮಾಡಿ ಕೊಟ್ಟೆಲ್ಲೋ!"

ಈಗ ನಾನು ನೆಟ್ಟಗೆ ಕಚೇರಿಗೆ ಓಡಿದೆನೆಂದು ನೀವು ಎಣಿಸಿದ್ದರೆ, ನನ್ನ ಮೇಲಿನ ನಿಮ್ಮ ವಿಶ್ವಾಸಕ್ಕೆ ನಮಸ್ಕಾರ. ನಾನು ಓಡಿದ್ದು ಬಸ್ ಸ್ಟ್ಯಾಂಡಿಗೆ. ಮೂರು ದಿನ ತಲೆ ಕೆಡಿಸಿಕೊಂಡು, ನಾಲ್ಕನೆಯ ದಿನ, ಮಾನ್ವಿಯಲ್ಲಿ ಬಟ್ಟೆ ನೋಡಿ ಬರುತ್ತೇನೆಂದು ಹೆಂಡತಿಗೆ ಹೇಳಿ ಹೊರಟುಬಿಟ್ಟೆ. ನಾನು ಊರಲ್ಲಿಲ್ಲದಿದ್ದರೆ ಸಂಗತಿ ತಾನಾಗಿಯೇ ತಣ್ಣಗಾದೀತು ಎಂಬುದು ನನ್ನ ತರ್ಕ. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ನೀರಮಾನ್ವಿಯ ಮುದುಕ ನನ್ನನ್ನು ದಿಟ್ಟಿಸಿ ನೋಡಿದ.

"ಬಜಾರದಾಗಿನ ದರ್ಜಿ ಅಲ್ಲೇನಪಾ ನೀ? ತಂಗಿ ಕಡಿಂದ ಬಾಡಿಗಿ ತಗೊಳ್ಳಲಾರದಂವ?"

ನಾನು ಹೂಂ ಎಂದೆ.

"ನಮ್ಮ ಹುಡುಗ್ರಿಗಿ ನಿಂದ ಹೆಸ್ರು ಹೇಳಾಕತ್ತೀನಿ ನೋಡು. ಇದ್ರ ನಿನ್ನಂಥ ಅಣ್ಣ ಇರಬೇಕು, ಯಪ್ಪಾ!" ಎಂದು ಅವನು ತನ್ನ ಗಂಟಿನಿಂದ ಎರಡು ಹಸಿ ಶೇಂಗಾ ಬಳ್ಳಿ ತೆಗೆದು ನನ್ನ ಮಡಿಲಿಗಿಟ್ಟ.

ಆ ಶೇಂಗಾ ನನ್ನಿಂದ ಸುಲಿಯಲಾಗಲಿಲ್ಲ. ದಾರಿಯ ಮೇಲಿನ ಕಲ್ಮಲದಲ್ಲಿ ಬಸ್ಸು ನಿಂತದ್ದೇ ತಡ, ಅವನ ಬಳ್ಳಿ ಅವನಿಗೇ ಕೊಟ್ಟು ಇಳಿದುಬಿಟ್ಟೆ. ಎದುರಿನಿಂದ ರಾಯಚೂರಿನ ಕಡೆಗೆ ಹೊರಟು ಬಂದ ಲಾರಿಗೆ ಕೈ ಮಾಡಿ ಹತ್ತಿದೆ. ಲಾರಿ ಎಷ್ಟು ಜೋರಾಗಿ ಓಡಿದರೂ ನನಗೆ ನಿಧಾನವೆನಿಸುತ್ತಿತ್ತು!

ಕಚೇರಿಯಲ್ಲಿ ಸಾಹೇಬರು ನನ್ನ ಮಾತನ್ನೆಲ್ಲ ಕೇಳಿ ಕನ್ನಡಕ ತೆಗೆದರು.

"ಅಂದು ಹೇಳಿದ್ದು ಸುಳ್ಳು, ಇಂದಿನದು ಖರೆ ಅಂತ ನಾ ಹೆಂಗ ನಂಬ್ಲಿ? ಒಂದು ಮಾಡ್ರಿ. ಎಲ್ಲಿ ಹೇಳಿದ್ರೋ ಅಲ್ಲೇ ಹೇಳ್ರಿ. ಆ ಮಂದಿ ಮುಂದ ಹೇಳ್ತೀರಂದ್ರ ನಂಬ್ತೀನಿ."

ಹೀಗೆ ಅದೇ ಅಂಗಡಿ, ಅದೇ ಸಂತೆಯ ಹೊತ್ತು, ಅದೇ ಚಹಾದ ಬಸಿಗಳು. ಮೂರು ವರ್ಷ ತಪ್ಪದೆ ಬಾಡಿಗೆ ತೆಗೆದುಕೊಂಡಿದ್ದೇನೆ ಎಂದು ನಾನು ಹೇಳಿದೆ. ಕೆಮ್ಮುತ್ತಿದ್ದದ್ದನ್ನೂ ಹೇಳಿಬಿಟ್ಟೆ, ಅದನ್ನು ಯಾರೂ ಕೇಳಿರಲಿಲ್ಲ. ಯಾರೋ ಕಿಸಕ್ಕೆಂದರು, ಯಾರೋ ಉಗುಳಿದರು. ಮಹಬೂಬ್ ಚಾಚಾ ಮಾತ್ರ ಕೆಟಲು ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಇಷ್ಟು ವರ್ಷ ಊರ ಮಂದೀದು ಅಳತಿ ತಗೊಂಡಿ. ಇವತ್ತ ನಿಂದು ಸಿಕ್ತು ನೋಡ್ಲೇ, ದರ್ಜಿ."

ಹೊಸ ಹೇಳಿಕೆಗೆ ಸಹಿ ಹಾಕುವಾಗ ನವಿಲಿನ ಬಾಲ ಬರಲಿಲ್ಲ. ನೋಟೀಸು ರದ್ದಾಯಿತು.

ಮುಂದಿನ ತಿಂಗಳು ಈರಮ್ಮ ಬಾಡಿಗೆಯನ್ನು ಮನೆಯಲ್ಲಿ ಕೊಡಲಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಅಂಗಡಿಯ ಮುಂದೆ ನಿಂತು, ಎಲ್ಲರೂ ನೋಡುತ್ತಿರುವಂತೆ, ನನ್ನ ಕೈ ಮುಂದೆ ನೋಟು ಹಿಡಿದಳು. ನನ್ನ ಕೈ ಹಿಂದಕ್ಕೆ ಹೋಯಿತು.

"ಬ್ಯಾಡವ್ವಾ. ಇನ್ನ ಮ್ಯಾಲ ಖರೇನ ಬ್ಯಾಡ."

"ನೀ ಬ್ಯಾಡ ಅಂದ್ರ ನಾ ಮತ್ತ ಸುಳ್ಳಿ ಆಗ್ತೀನಿ. ತಗೋ ಅಣ್ಣಾ. ಎಲ್ಲಾರ ಮುಂದ ತಗೋ," ಎಂದಳು. ಆಮೇಲೆ, ನನಗಷ್ಟೇ ಕೇಳುವಂತೆ, "ಕೆಮ್ಮು ವಾಸಿ ಆತೇನು?" ಎಂದು ನಕ್ಕಳು.

ನಾನು ತೆಗೆದುಕೊಂಡೆ. ಮಹಬೂಬ್ ಚಾಚಾ ಟಿಕೇಟು ಒದ್ದೆ ಮಾಡಿಕೊಳ್ಳಲೆಂದು ಬಸಿಯಲ್ಲಿ ನೀರು ಮುಂದೆ ತಳ್ಳಿದ. ಬೇಡವೆಂದು ತಲೆಯಾಡಿಸಿ, ಹನ್ನೆರಡು ಮಂದಿಯ ಎದುರಿಗೆ ನಾಲಿಗೆ ಪೂರ್ತಿ ಹೊರಚಾಚಿ, ಆ ಅಂಟನ್ನು ನಿಧಾನವಾಗಿ ನೆಕ್ಕಿದೆ. ಈ ಸಲ ಒಗರು ಮೊದಲು ಬಂತು.