ದೊರೆಯ ಕೋಣೆಯಲ್ಲಿ ಸತ್ತ ಗಿಣಿ

ದಡ್ಡರನ್ನು ನಾನು ಸಹಿಸಬಲ್ಲೆ. ಊಟಿಯಲ್ಲಿ ನಮ್ಮದು ಆರು ಕೋಣೆಗಳ ಲಾಡ್ಜು. ದಡ್ಡರನ್ನು ಸಹಿಸದಿದ್ದರೆ ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ನನ್ನಿಂದ ಆಗದಿರುವುದು ತಮ್ಮ ದಡ್ಡತನವನ್ನು ಪ್ರಸಾದದ ಹಾಗೆ ಊರಿಗೆಲ್ಲ ಹಂಚುವವರನ್ನು ಕಂಡು ಸುಮ್ಮನಿರುವುದು.

ಅಂಥವನೊಬ್ಬ ತೊಂಬತ್ತರ ದಶಕದ ಕೊನೆಯಲ್ಲಿ ಭಾನುವಾರ ಮಧ್ಯಾಹ್ನಗಳಲ್ಲಿ ನಮ್ಮ ಲಾಡ್ಜಿನ ಗಾಜಿನ ಜಗಲಿಗೆ ಬರುತ್ತಿದ್ದ. ಅವನ ತಂದೆ ಮೈಸೂರಿನವರು, ಮಸಿನಗುಡಿಯಲ್ಲಿ ರೆಸಾರ್ಟ್ ಇಟ್ಟಿದ್ದರು. ಮಗ ಹೊರದೇಶದಲ್ಲಿ ಏನನ್ನೋ ಓದಲು ಹೋಗಿ, ಅದನ್ನು ಅರ್ಧಕ್ಕೆ ಬಿಟ್ಟು, ಒಂದು ಪೆಟ್ಟಿಗೆ ಆಟದ ಪುಸ್ತಕಗಳನ್ನೂ ಹಲವು ಮುಖಗಳ ದಾಳಗಳನ್ನೂ ಹೊತ್ತುಕೊಂಡು ಬಂದಿದ್ದ. ಬೆಟ್ಟದ ಮೇಲೆ ಆ ಪೆಟ್ಟಿಗೆ ಇದ್ದದ್ದು ಅವನೊಬ್ಬನ ಹತ್ತಿರ. ಅಷ್ಟೇ ಕಾರಣಕ್ಕೆ ಅವನು ಆಟದ ಯಜಮಾನನಾಗಿದ್ದ.

ಆಟ ನಿಜಕ್ಕೂ ಚೆನ್ನಾಗಿತ್ತು. ಯಜಮಾನನಾದವನು ಒಂದು ಲೋಕವನ್ನು ಬಾಯಲ್ಲಿ ಕಟ್ಟುತ್ತಾನೆ. ಅಲ್ಲಿ ಮಂತ್ರವಾದಿಗಳು, ಕೋಟೆಗಳು, ಮಾತಾಡುವ ಮೃಗಗಳು ಎಲ್ಲ ಇರುತ್ತವೆ. ಉಳಿದವರು ಆ ಲೋಕದ ಒಬ್ಬೊಬ್ಬ ವ್ಯಕ್ತಿಯಾಗಿ, ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನಾನು ಆಗ ಊಟಿಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ನನ್ನ ಜೊತೆ ಆಡುತ್ತಿದ್ದವನು ಕುಂದಾ ಕಡೆಯ ಹಟ್ಟಿಯ ಬಡಗರ ಹುಡುಗ, ನನ್ನ ಸಹಪಾಠಿ. ಮನೆಯಲ್ಲಿ ಸ್ವಲ್ಪ ಟೀ ತೋಟವಿತ್ತು. ಅವನಿಗೆ ಸಿಕ್ಕಿದ್ದು ಕತ್ತಿ ಹಿಡಿಯುವ ಪಾತ್ರ. ನನಗೆ ವರ್ಷವಿಡೀ ಗಾಯ ತೊಳೆದು ಮಂತ್ರ ಹಾಕುವ ಪೂಜಾರಿಣಿಯ ಪಾತ್ರ. ಹೆಂಗಸು ಬೇರೇನು ಮಾಡಬಲ್ಲಳು ಎಂಬ ಪ್ರಶ್ನೆ ಯಜಮಾನನ ತಲೆಗೆ ಬಂದದ್ದೇ ಇಲ್ಲ. ತಲೆಗೆ ಏನಾದರೂ ಬರುವುದೇ ಅಪರೂಪವಾಗಿತ್ತು.

ಒಂದು ಚಳಿಗಾಲದ ಭಾನುವಾರ ಅವನು ಬಹಳ ಗತ್ತಿನಿಂದ ಬಂದು ಕೂತ. ಬೇಸಿಗೆಯಲ್ಲಿ ರೆಸಾರ್ಟಿಗೆ ಬರುವ ಅತಿಥಿಗಳಿಗಾಗಿ ಒಂದು ಕೊಲೆಯ ಆಟ ಕಟ್ಟಿದ್ದೇನೆ ಎಂದ. ಒಳಗಿನಿಂದ ಚಿಲಕ ಹಾಕಿದ ಕೋಣೆ, ಒಳಗೆ ದೊರೆಯ ಹೆಣ, ಕೊಂದವನು ಮಾಯ. ಹೇಗೆ ಕೊಂದ ಎಂದು ನಾವು ಕೇಳಿದೆವು. ಕೊಲೆಗಾರ ಅದೃಶ್ಯನಾಗುವ ಮಂತ್ರ ಹಾಕಿಕೊಂಡು ಒಳಗೇ ನಿಂತಿದ್ದನಂತೆ, ಬಾಗಿಲು ಒಡೆದಾಗ ಜನರ ನಡುವೆ ನುಸುಳಿ ಹೊರಗೆ ಹೋದನಂತೆ. ಇದನ್ನು ಹೇಳಿ ಅವನು ನಮ್ಮ ಮುಖಗಳನ್ನು ನೋಡಿದ. ಚಪ್ಪಾಳೆ ಬರಲಿಲ್ಲ.

ಅವನ ಆ ಲೋಕದಲ್ಲಿ ಹೆಣವನ್ನು ಮಾತಾಡಿಸುವ ಮಂತ್ರವಿತ್ತು. ಅದು ನನ್ನ ಪೂಜಾರಿಣಿಯ ಬಳಿಯೇ ಇತ್ತು. ನಾನು ಹೆಣವನ್ನೇ ಕೇಳುತ್ತೇನಲ್ಲ ಎಂದೆ. ಅವನು ಯೋಚಿಸಿ, ಆ ಕೋಟೆಯಲ್ಲಿ ಹೆಣಗಳು ಮಾತಾಡುವುದಿಲ್ಲ, ಅಲ್ಲಿನ ಕಲ್ಲು ವಿಶೇಷವಾದದ್ದು ಎಂದ. ಸುಳ್ಳು ಹಿಡಿಯುವ ಮಂತ್ರವಿದೆಯಲ್ಲ ಎಂದರೆ ಅದೂ ಕಲ್ಲಿನಿಂದಾಗಿ ನಡೆಯುವುದಿಲ್ಲ. ಗೋಡೆಯಾಚೆ ನೋಡುವ ಮಂತ್ರ? ಮತ್ತೆ ಕಲ್ಲು. ಹಾಗಿದ್ದರೆ ಅದೃಶ್ಯವಾಗುವ ಮಂತ್ರವೊಂದೇ ಆ ಕಲ್ಲಿನ ಕೋಟೆಯಲ್ಲಿ ಹೇಗೆ ನಡೆಯಿತು ಎಂದು ನನ್ನ ಸಹಪಾಠಿ ಮೆಲ್ಲಗೆ ಕೇಳಿದ. ಯಜಮಾನ ಟೀ ತಣ್ಣಗಾಗಿದೆ ಎಂದು ಗೊಣಗಿದ.

ನಾನು ಅವನಿಗೆ ಹೇಳಿಕೊಟ್ಟದ್ದು ಪ್ರೀತಿಯಿಂದಲ್ಲ. ಅಷ್ಟು ಕೆಟ್ಟ ಕೊಲೆಯನ್ನು ನೋಡಿಕೊಂಡು ಕೂರುವುದು ಕಷ್ಟವಾಯಿತು, ಅಷ್ಟೆ. ಮಾಯೆಯ ಲೋಕ ಕಟ್ಟಿ ಆಮೇಲೆ ಮಾಯೆಯನ್ನು ನಿಷೇಧಿಸುವುದು ಹೇಡಿಗಳ ಕೆಲಸ; ಮಂತ್ರಗಳೆಲ್ಲ ನಡೆಯಬೇಕು, ನಿಜವನ್ನೇ ಹೇಳಬೇಕು, ಆದರೂ ಕೊಲೆಗಾರ ಸಿಗಬಾರದು ಎಂದೆ. ಅವನು ನಕ್ಕ. ಆಗುವ ಮಾತು ಹೇಳು ಎಂದ.

ಮುಂದಿನ ಭಾನುವಾರದ ಹೊತ್ತಿಗೆ ಅದು ನನ್ನ ತಲೆಯಲ್ಲಿ ಕೂಡಿ ಬಂದಿತ್ತು. ಅದಕ್ಕೆ ನಮ್ಮ ಅವ್ವ ಕಾರಣ. ಚಳಿಗಾಲದಲ್ಲಿ ಬಯಲುಸೀಮೆಯಿಂದ ಬಂದವರು ಕೋಣೆಗೆ ಅಗ್ಗಿಷ್ಟಿಕೆ ಬೇಕೆಂದು ಹಟ ಹಿಡಿಯುತ್ತಿದ್ದರು. ಇದ್ದಿಲ ಕೆಂಡವನ್ನು ಪಕ್ಕದಲ್ಲಿಟ್ಟು, ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿ ಮಲಗಿದವರು ಬೆಳಿಗ್ಗೆ ಏಳದೆ ಹೋದ ಸುದ್ದಿ ಊಟಿಯಲ್ಲಿ ಆಗಾಗ ಕೇಳುತ್ತಿತ್ತು. ಅದಕ್ಕೇ ಅವ್ವ ಪ್ರತಿ ಕಿಟಕಿಯ ಚೌಕಟ್ಟಿಗೂ ಒಂದೊಂದು ಮೊಳೆ ಹೊಡೆಸಿದ್ದಳು, ಎಷ್ಟು ಎಳೆದರೂ ಕಿಟಕಿ ಪೂರ್ತಿ ಮುಚ್ಚದ ಹಾಗೆ. ಗಾಳಿ ಬರುತ್ತದೆ ಎಂದು ಅತಿಥಿಗಳು ದೂರಿದರೆ ತಮಿಳಿನಲ್ಲಿ ಸಮಾಧಾನ ಹೇಳಿ, ಅಡುಗೆಮನೆಗೆ ಬಂದು ಗುಂಡ್ಲುಪೇಟೆಯ ಕನ್ನಡದಲ್ಲಿ ಉಗಿಯುತ್ತಿದ್ದಳು. "ಸಾಯಕೆ ಇಲ್ಲಿಗಂಟ ಬರಬೇಕ? ಅವರೂರಲ್ಲಿ ಜಾಗ ಇರ್ನಿಲ್ವ?"

ನಾನು ಕಟ್ಟಿದ ಕೊಲೆ ಹೀಗಿತ್ತು. ಹಿಮದ ಬೆಟ್ಟದ ಮೇಲೊಂದು ಕೋಟೆ. ದೊರೆ ಅಂಜುಬುರುಕ. ಅವನ ಮಂತ್ರಿ ಬಂದು, ನಿಮ್ಮನ್ನು ಕೊಲ್ಲಲು ಮಂತ್ರವಾದಿಗಳನ್ನು ಕಳಿಸಿದ್ದಾರೆ, ಅವರು ಬಾವಲಿಯಾಗಿ ಕಿಟಕಿಯಿಂದ ಬರುತ್ತಾರೆ, ಮಂಜಾಗಿ ಬಾಗಿಲ ಸಂದಿಯಿಂದ ಬರುತ್ತಾರೆ ಎಂದು ಹೆದರಿಸುತ್ತಾನೆ. ದೊರೆ ಕಿಟಕಿಗೆ ಗಾರೆ ಮೆತ್ತಿಸುತ್ತಾನೆ. ತಾನೇ ಚಿಲಕ ಹಾಕಿಕೊಂಡು, ತಾನೇ ಸಂದಿಗೆ ಕಂಬಳಿ ತುರುಕಿ, ಚಳಿಗೆ ಅಗ್ಗಿಷ್ಟಿಕೆ ಹಚ್ಚಿಕೊಂಡು ಮಲಗುತ್ತಾನೆ. ಕೆಂಡದ ಹೊಗೆ ಅವನನ್ನು ನಿದ್ದೆಯಲ್ಲೇ ಒಯ್ಯುತ್ತದೆ. ಹೆಣವನ್ನು ಕೇಳಿದರೆ ಯಾರೂ ಬರಲಿಲ್ಲ, ಮಲಗಿದ್ದೆ ಎನ್ನುತ್ತದೆ. ನಿಜ. ಆ ಕೋಣೆಗೆ ನಾನು ಕಾಲಿಡಲಿಲ್ಲ ಎಂದು ಮಂತ್ರಿ ಹೇಳುತ್ತಾನೆ. ಅದೂ ನಿಜ. ಮಾಯೆ ಇರುವ ಲೋಕದಲ್ಲಿ ಮಾತ್ರ ಆ ಬೆದರಿಕೆಯನ್ನು ನಂಬುತ್ತಾರೆ, ಹಾಗಾಗಿ ಅಲ್ಲಿ ಮಾತ್ರ ಆ ಕೊಲೆ ಆಗಬಲ್ಲದು. ಆಡುವವರಿಗೆ ಒಂದೇ ಒಂದು ಸುಳಿವು ಇಟ್ಟಿದ್ದೆ. ದೊರೆಯ ಮಂಚದ ಪಕ್ಕ ಪಂಜರದಲ್ಲಿ ಅವನ ಮುದ್ದಿನ ಗಿಣಿ. ಅದೂ ಸತ್ತಿದೆ. ಮೈಮೇಲೆ ಗಾಯವಿಲ್ಲ. ದೊರೆಯ ಶತ್ರುಗಳಿಗೆ ಗಿಣಿಯ ಮೇಲೆ ಏನು ಹಗೆ ಎಂದು ಯಾರಾದರೂ ಕೇಳಿಕೊಂಡರೆ ಗಂಟು ಬಿಚ್ಚುತ್ತದೆ.

ಸಹಪಾಠಿ ಆ ವಾರ ತೋಟದ ಕೆಲಸಕ್ಕೆಂದು ಹಟ್ಟಿಗೆ ಹೋಗಿದ್ದ. ಇದನ್ನು ಕೇಳಿದವನು ಯಜಮಾನನೊಬ್ಬನೇ. ಪೂರ್ತಿ ಕೇಳಿ, ಕೊಂಚ ನಿಧಾನವಾಯಿತು, ಕತ್ತಿವರಸೆ ಇಲ್ಲ ಎಂದು ತೀರ್ಪು ಕೊಟ್ಟು, ಅವ್ವ ಕೊಟ್ಟ ಬಿಸ್ಕತ್ತು ತಿಂದು ಹೋದ.

ಏಪ್ರಿಲಿನಲ್ಲಿ ಸಹಪಾಠಿಗೂ ನನಗೂ ರೆಸಾರ್ಟಿನ ಆಟಕ್ಕೆ ಕರೆ ಬಂತು. ಬೆಳಿಗ್ಗೆಯ ಬಸ್ಸಿನಲ್ಲಿ ಕಲ್ಲಟ್ಟಿ ಘಾಟು ಇಳಿದು ಮಸಿನಗುಡಿಗೆ ಹೋದೆವು. ಕೆಳಗಿಳಿದಂತೆ ಸ್ವೆಟರು ಮೈಗೆ ಅಂಟತೊಡಗಿತು. ರೆಸಾರ್ಟಿನ ಹುಲ್ಲು ಹೊದಿಸಿದ ಊಟದ ಚಾವಡಿಯಲ್ಲಿ ಹತ್ತು ಹನ್ನೆರಡು ಜನ ಅತಿಥಿಗಳು ನಾಟಕ ಕಂಪನಿಯ ಬಾಡಿಗೆ ಮಖಮಲ್ಲಿನ ನಿಲುವಂಗಿ ತೊಟ್ಟು ಬೆವರುತ್ತಿದ್ದರು. ಒಬ್ಬರ ಕಿರೀಟದ ಬಣ್ಣ ಹಣೆಗೆ ಇಳಿದಿತ್ತು. ಅವರ ಮುಂದೆ ಯಜಮಾನ ನಿಂತು, ಈ ಕೊಲೆ ತನಗೆ ಕಾಡಿನಲ್ಲಿ ಒಬ್ಬನೇ ನಡೆಯುವಾಗ ಹೊಳೆಯಿತು ಎಂದು ಘೋಷಿಸಿದ. ಜೀಪಿಲ್ಲದೆ ಅವನು ಪೋಸ್ಟಾಫೀಸಿನ ತನಕವೂ ನಡೆದವನಲ್ಲ.

ಅದು ನನ್ನ ಕೊಲೆ ಎಂದು ಎರಡನೆಯ ವಾಕ್ಯಕ್ಕೆ ಗೊತ್ತಾಯಿತು. ಮೂರನೆಯದಕ್ಕೆ, ಅವನಿಗೆ ಅದು ಅರ್ಥವಾಗಿಲ್ಲ ಎಂದೂ ಗೊತ್ತಾಯಿತು. ಹಿಮದ ಕೋಟೆ ಹೋಗಿ, ರೆಸಾರ್ಟಿಗೆ ಒಪ್ಪುವ ಹಾಗೆ ಬಿಸಿಲ ಕಾಡಿನ ಅರಮನೆ ಬಂದಿತ್ತು. ಆ ಬಿಸಿಲಿನಲ್ಲೂ ದೊರೆ ಅಗ್ಗಿಷ್ಟಿಕೆ ಹಚ್ಚಿಕೊಂಡು ಮಲಗಿದ್ದ. ಇದು ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಅವರಲ್ಲಿ ಒಬ್ಬರು ಕಾರ್ಖಾನೆಯ ಮಾಲೀಕರು, ಒಬ್ಬರು ವಕೀಲರು. ವಕೀಲರು ಸಿಕ್ಕಸಿಕ್ಕಲ್ಲೆಲ್ಲ ದಾಳ ಎಸೆದು ಗೋಡೆ ತಟ್ಟಿ ಗುಪ್ತದ್ವಾರ ಹುಡುಕಿದರು. ಇಲ್ಲ ಎಂದು ತಿಳಿದ ಮೇಲೆ ಮತ್ತೆ ಅದೇ ಗೋಡೆ ತಟ್ಟಿದರು.

ಆಮೇಲೆ ಪರದೆ ಸರಿಸಿ, ಹಸಿರು ಸೀರೆ ಉಟ್ಟು ಮೂಗಿಗೆ ಕೆಂಪು ಕಾಗದದ ಕೊಕ್ಕು ಅಂಟಿಸಿಕೊಂಡ ಒಬ್ಬ ಹೆಂಗಸು ಬಂದರು. ಕಾರ್ಖಾನೆಯ ಮಾಲೀಕರ ಹೆಂಡತಿ. ಅವರು ಗಿಣಿ. ಜೀವಂತ ಗಿಣಿ. ಎರಡು ರೆಕ್ಕೆ ಬಡಿದು, "ಮಂತ್ರಿ ಮೋಸಗಾರ, ಮಂತ್ರಿ ಮೋಸಗಾರ" ಎಂದು ಹಾಡಿದರು. ಚಾವಡಿ ನಗೆಯಿಂದ ತುಂಬಿತು. ಕಿರೀಟದವರು ಮಂತ್ರಿಯಾಗಿದ್ದ ವಕೀಲರ ತಮ್ಮನನ್ನು ಹಿಡಿದುಕೊಂಡರು. ಯಜಮಾನ ಕೆಂಡದ ಹೊಗೆಯ ಗುಟ್ಟನ್ನು ಹೇಳಿ ಕೈ ಅಗಲಿಸಿ ನಿಂತ.

ಅಲ್ಲೂ ನನ್ನದು ಪೂಜಾರಿಣಿಯ ಪಾತ್ರವೇ. ಪೂಜಾರಿಣಿಗೂ ಮಾತಾಡುವ ಹಕ್ಕಿತ್ತು. ನಾನು ಎದ್ದು ಕೇಳಿದೆ. "ಒಂದೇ ಕೋಣೆ, ಒಂದೇ ಹೊಗೆ. ದೊರೆ ಸತ್ತ. ಗಿಣಿ ಹೇಗೆ ಬದುಕಿತು?"

ಅವನ ಮುಖದ ಮೇಲೆ ಏನೋ ಹಾದುಹೋಯಿತು. ಅವನಿಗೆ ಅದು ಆಗಷ್ಟೇ ತಿಳಿಯಿತು ಎಂದು ಈಗಲೂ ನಂಬುತ್ತೇನೆ.

"ಅದು ದೇವಲೋಕದ ಗಿಣಿ," ಎಂದ. "ಅದು ಉಸಿರಾಡೋದಿಲ್ಲ."

ಜನ ಚಪ್ಪಾಳೆ ತಟ್ಟಿದರು. ಕಾರ್ಖಾನೆಯ ಮಾಲೀಕರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಗಿಣಿ ನನ್ನ ಕಡೆ ನೋಡಿ, ಪಾಪ, ಈ ಹುಡುಗಿಗೆ ಆಟ ತಿಳಿದಿಲ್ಲ ಎಂಬಂತೆ ನಕ್ಕಿತು.

ಊಟಕ್ಕೆ ತಟ್ಟೆ ಹಿಡಿದು ನಿಂತಾಗ ನಾನು ಅವನ ಬಳಿ ಹೋಗಿ, ಇದು ನಂದು ಎಂದೆ. ಅವನಿಗೆ ನಾಚಿಕೆ ಆಗಲಿಲ್ಲ. ಆಗುತ್ತದೆ ಎಂದು ನಾನು ಎಣಿಸಿಯೂ ಇರಲಿಲ್ಲ. ಸತ್ತ ಗಿಣಿಗೆ ಮಾತಿಲ್ಲವಲ್ಲ, ಮಾಲೀಕರ ಹೆಂಡತಿಗೆ ಏನಾದರೂ ಒಂದು ಪಾತ್ರ ಕೊಡಬೇಕಿತ್ತು, ಅಪ್ಪ ಹೇಳಿದ್ದರು ಎಂದು ವಿವರಿಸಿದ. ಆಮೇಲೆ ನನ್ನ ಭುಜ ತಟ್ಟಿ, "ನೀನು ಒಂದು ಐಡಿಯಾ ಹೇಳಿದೆ ಅಷ್ಟೆ. ಅದನ್ನ ಆಟ ಮಾಡಿದ್ದು ನಾನು," ಎಂದ. ಆ ಕೈಯನ್ನು ತೆಗೆದುಹಾಕಿ, ಇನ್ನು ಮೇಲೆ ನಮ್ಮ ಜಗಲಿಗೆ ಬರಬೇಡ ಎಂದೆ. ಅವನು ನಿಜವಾಗಿ ಗಾಬರಿಯಾದ. ಆಡುವುದಕ್ಕೆ ಬೇರೆ ಯಾರಿದ್ದಾರೆ ಎಂದು ಕೇಳಿದ.

ಹಿಂದಿರುಗುವ ಬಸ್ಸಿನಲ್ಲಿ ಸಹಪಾಠಿ ತನ್ನ ಬಡಗ ಮಾತಿನಲ್ಲಿ ನನ್ನನ್ನೇ ಬೈದ. ಅವನನ್ನು ಎಲ್ಲರೆದುರು ಕಳ್ಳ ಎನ್ನಬೇಕಿತ್ತು ಎಂದ. ಆ ಜನರ ಎದುರು ಕಳ್ಳ ಎನಿಸಿಕೊಂಡರೂ ಒಂದೇ, ಜಾಣ ಎನಿಸಿಕೊಂಡರೂ ಒಂದೇ ಎಂದೆ. ಮನೆಯಲ್ಲಿ ಅವ್ವನಿಗೆ ಎಲ್ಲ ಹೇಳಿದೆ, ಅವಳಾದರೂ ನನ್ನ ಪರ ಸಿಟ್ಟಾಗಲಿ ಎಂದು. ಅವಳು ಹುರುಳಿಕಾಯಿಯ ನಾರು ಬಿಡಿಸುತ್ತ ಕೇಳಿ, "ಸತ್ತೋರೂ ಇಲ್ಲ, ಸಾಯಿಸ್ದೋರೂ ಇಲ್ಲ. ಅದ್ರಲ್ಲಿ ನಿಂದೇನು ಮಗ, ಅವನ್ದೇನು?" ಎಂದಳು. ತಿರಸ್ಕಾರದಲ್ಲಿ ಅವ್ವನ ಮುಂದೆ ನಾನು ಯಾವಾಗಲೂ ಎಳಸು.

ಪೆಟ್ಟಿಗೆಯೇನೋ ಅವನದ್ದು. ಆದರೆ ನಿಯಮಗಳು ನಮ್ಮಿಬ್ಬರಿಗೂ ಬಾಯಿಪಾಠವಾಗಿದ್ದವು. ದಾಳದ ಬದಲು ಚೀಟಿ ಎತ್ತಿದರೂ ಆಗುತ್ತಿತ್ತು. ಮಳೆ ಹಿಡಿದ ಮೇಲೆ ಸಹಪಾಠಿ ಕುಂದಾದ ಪವರ್‌ಹೌಸ್ ಕಾಲೊನಿಯ ಶಾಲೆಯಲ್ಲಿ ಪಾಠ ಮಾಡುವ ಗಂಡ ಹೆಂಡತಿಯನ್ನು ಕರೆತಂದ. ತಮಿಳರು, ಮಿತಭಾಷಿಗಳು. ನಾನು ಯಜಮಾನಿಯ ಕುರ್ಚಿಯಲ್ಲಿ ಕೂತು, ಹಿಮದ ಕೋಟೆಯನ್ನು ನನ್ನ ಹರಕು ತಮಿಳಿನಲ್ಲಿ ಕಟ್ಟಿದೆ. ಸಹಪಾಠಿ ಮಂತ್ರಿಯಾದ. ಆ ದಂಪತಿ ಹೆಣವನ್ನು ಕೇಳಿದರು, ಮಂತ್ರಿಯ ಮಾತನ್ನು ಮಂತ್ರದಿಂದ ತೂಗಿದರು, ಗಾರೆ ಮೆತ್ತಿದ ಕಿಟಕಿಯನ್ನು ನೋಡಿದರು, ಪಂಜರದ ಗಿಣಿಯನ್ನು ಎತ್ತಿ ನೋಡಿ ಅಯ್ಯೋ ಎಂದು ಕೆಳಗಿಟ್ಟರು. ಎಲ್ಲ ನಿಜವೇ ಸಿಕ್ಕಿತು. ಕೊನೆಗೆ ಇಬ್ಬರೂ ತಲೆ ಸೇರಿಸಿ ಮಾತಾಡಿ, ದೊರೆ ದೈವೇಚ್ಛೆಯಿಂದ ಸತ್ತ, ಕಡೆಯವರೆಗೂ ಎಚ್ಚರಿಸಿದ ಮಂತ್ರಿಯೇ ಕೋಟೆಗೆ ಯೋಗ್ಯ ಎಂದು ತೀರ್ಮಾನಿಸಿ ಅವನಿಗೆ ಪಟ್ಟ ಕಟ್ಟಿದರು. ಸಹಪಾಠಿ ಗಂಭೀರವಾಗಿ ತಲೆ ಬಾಗಿಸಿದ. ನಾನು ಗುಟ್ಟು ಬಿಟ್ಟುಕೊಡಲಿಲ್ಲ. ಎರಡು ವಾರದ ಮೇಲೆ ಮಾರ್ಕೆಟ್ಟಿನಲ್ಲಿ ಆ ಮೇಡಂ ಸಿಕ್ಕರು. ಗಂಡನನ್ನು ಹಿಂದೆ ಬಿಟ್ಟು ನನ್ನ ಹತ್ತಿರ ಬೇಗ ಬೇಗ ಬಂದು, ನಾವು ಕೊಲೆಗಾರನಿಗೇ ಪಟ್ಟ ಕಟ್ಟಿದೆವಲ್ಲವಾ ಎಂದು ಮೆಲುದನಿಯಲ್ಲಿ ಕೇಳಿದರು. ಹೌದು ಎಂದೆ. ಅವರು ಕ್ಯಾರೆಟ್ ಅಂಗಡಿಯ ಮುಂದೆ ನಿಂತು ತಮ್ಮಷ್ಟಕ್ಕೆ ನಗತೊಡಗಿದರು. ಅಷ್ಟು ದಿನ ಆಡಿದ ಆಟಕ್ಕೆ ನನಗೆ ಸಿಕ್ಕ ಮೊದಲ ಮರ್ಯಾದೆ ಅದು.

ರೆಸಾರ್ಟಿನವನು ಮಾತ್ರ ಬದಲಾಗಲಿಲ್ಲ. ಎರಡು ಸಾವಿರದ ಇಸವಿಯ ಆಚೆ, ಅವನ ತಂದೆ ಕೆಲಸ ಬಿಟ್ಟುಕೊಟ್ಟ ಮೇಲೆ, ದೊಡ್ಡ ಕಂಪನಿಗಳ ನೌಕರರನ್ನು ಬಸ್ಸುಗಟ್ಟಲೆ ಕರೆಸಿ ಗಿಣಿಯ ಆಟ ಆಡಿಸುತ್ತಿದ್ದನಂತೆ. ಒಮ್ಮೆ ಅವನ ಜೀಪಿನ ಚಾಲಕ ಲಾಡ್ಜಿಗೆ ಬಂದು, ಸಾಹೇಬರಿಗೆ ಇನ್ನೊಂದು ಕೊಲೆ ಬೇಕಂತೆ, ಎಲ್ಲರಿಗೂ ಮಾತು ಇರಬೇಕಂತೆ, ಯಾರೂ ಕೆಟ್ಟವರಾಗಬಾರದಂತೆ ಎಂದು ಒಪ್ಪಿಸಿದ. ಅವನನ್ನು ಕೂರಿಸಿ ಟೀ ಕೊಟ್ಟೆ. ಉತ್ತರ ಏನು ಹೇಳಲಿ ಎಂದು ಕೇಳಿದ. ಉತ್ತರವಿಲ್ಲ ಎಂದು ಹೇಳಿ, ಕೋಣೆ ಖಾಲಿ ಮಾಡುತ್ತಿದ್ದ ಅತಿಥಿಗಳ ಕಡೆ ಹೋದೆ. ಅವರು ಕಿಟಕಿಯ ಮೊಳೆಯನ್ನು ಚಮಚದಿಂದ ಕೀಳಲು ನೋಡಿ ಚಮಚ ಬಗ್ಗಿಸಿದ್ದರು.