ಆರಬಾರದೆಂದು ಹರಕೆ ಹೊತ್ತ ಬೆಂಕಿ

ನನ್ನ ಮೈದುನ ಐಟಿಐ ಮುಗಿಸಿ, ಕೊಪ್ಪದಲ್ಲಿ ಅಂಗಡಿ ಇಟ್ಟಿದ್ದ ಮಲಯಾಳಿಯೊಬ್ಬರ ಮೂಲಕ ಕೊಲ್ಲಿ ಕಡೆಯ ಎಣ್ಣೆ ದೇಶಕ್ಕೆ ಕೆಲಸಕ್ಕೆ ಹೋದವನು. ಎರಡು ವರ್ಷ ಕಳೆದು ಮೊದಲ ರಜೆಗೆ ಗಾವಡಗೆರೆ ಹತ್ತಿರದ ನಮ್ಮ ಮನೆಗೆ ಬಂದಾಗ ತನ್ನ ಕೆಲಸ ಏನೆಂದು ಹೇಳಿದ. ನೆಲದಡಿಯಿಂದ ಎಣ್ಣೆ ಬರುವಾಗ ಜೊತೆಗೆ ಗ್ಯಾಸೂ ಬರುತ್ತದಂತೆ. ಅದನ್ನು ಹಿಡಿದಿಡಲು ಅಲ್ಲಿ ಏರ್ಪಾಡಿಲ್ಲ. ಎತ್ತರದ ಕೊಳವೆಯ ತುದಿಯಲ್ಲಿ ಹಗಲೂ ರಾತ್ರಿ ಸುಡುತ್ತಾರೆ. ಆ ಬೆಂಕಿ ಆರದಂತೆ ಕಾಯುವವರಲ್ಲಿ ಇವನೂ ಒಬ್ಬ.

ಅತ್ತೆ ಕೈ ಮುಗಿದೇಬಿಟ್ಟರು. "ಅಲ್ಲೂ ನಂದಾದೀಪ ಅದೆ ಅನ್ನು."

"ಏ, ನಂದಾದೀಪ ಅಲ್ಲ ಕಣವ್ವ. ದಂಡಕ್ಕೆ ಉರಿಯೋದು."

ಆ ತಿಂಗಳು ಸೊಸೈಟಿಗೆ ಸೀಮೆಎಣ್ಣೆ ಬಂದಿರಲಿಲ್ಲ. ನಾನು ಹಸಿ ಸೌದೆಯ ಒಲೆ ಊದುತ್ತಾ, "ದಂಡಕ್ಯಾಕಪ್ಪ ಉರಿಸ್ತೀರಿ, ಒಂದು ಪೈಪು ಇತ್ಲಾಗೆ ಎಳ್ದುಬುಡು" ಎಂದೆ.

"ನಿಮ್ಮ ಒಲೆಗೆ ಬರೋ ಅಷ್ಟ್ರಲ್ಲಿ ದಾರೀಲಿರೋರೆಲ್ಲ ಮುದ್ದೆ ಮಾಡ್ಕೊಂಡು ಉಂಡ್ಬುಡ್ತಾರೆ, ಅತ್ಗೆ!"

ಮಾರನೆಯ ವರ್ಷ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಅವನ ಕಾಗದ ಬಂತು. ಆ ಹೊಗೆಯಿಂದ ಭೂಮಿಗೆ ಶಾಖ ಏರುತ್ತಿದೆಯೆಂದು ಅಲ್ಲಿನ ಸರ್ಕಾರ ಬೆಂಕಿ ನಿಲ್ಲಿಸಲು ಆರ್ಡರ್ ಮಾಡಿದೆ, ಗ್ಯಾಸನ್ನು ಇನ್ನು ಕೊಳವೆಯಲ್ಲಿ ಕಳಿಸುತ್ತಾರೆ, ಬೆಂಕಿ ಕಾಯುವವರನ್ನು ಇಟ್ಟುಕೊಳ್ಳುತ್ತಾರೋ ಊರಿಗೆ ಅಟ್ಟುತ್ತಾರೋ ಗೊತ್ತಿಲ್ಲ ಎಂದು ಬರೆದಿದ್ದ. ಅವನ ಹೆಂಡತಿ, ನನ್ನ ವಾರಗಿತ್ತಿ, ಎಳೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತವಳು ಅಂದು ಊಟಕ್ಕೇ ಏಳಲಿಲ್ಲ.

ಅತ್ತೆ ಆವತ್ತೇ ಊರ ಬಸವಣ್ಣನ ಗುಡಿಗೆ ಹೋಗಿ ಹರಕೆ ಹೊತ್ತು ಬಂದರು. ಆ ಬೆಂಕಿ ಆರದೆ ಇರಲಿ, ಪ್ರತಿ ಸೋಮವಾರ ಹರಳೆಣ್ಣೆ ದೀಪ ಹಚ್ಚುತ್ತೇವೆ ಎಂದು.

ನಾನೂ ಹೋಗಿ ಎಣ್ಣೆ ಹುಯ್ಯುತ್ತಿದ್ದೆ. ಆದರೆ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಸೊಪ್ಪನ್ನು ಬಿಸಿಗೆ ಒಣಗಿಸಿ ಬೇಯಿಸುವ ಗೂಡು, ನಮ್ಮ ಬ್ಯಾರನ್ನಿಗೆ ಆಗ ದಿನವಿಡೀ ಸೌದೆ ತುಂಬಬೇಕು. ಯಜಮಾನರ ಕೆಮ್ಮು ಅಡುಗೆಮನೆಗೆ ಕೇಳಿಸುತ್ತಿತ್ತು. ಹೊಗೆಯ ಪಾಡು ತಿಳಿದ ನಾನೇ, ಹೊಗೆ ನಿಲ್ಲದಿರಲಿ ಎಂದು ದೇವರ ಮುಂದೆ ನಿಂತಿದ್ದೇನಲ್ಲ!

"ಅತ್ತೆ, ಹುಡ್ಗನ ಕೆಲ್ಸ ಉಳೀಲಿ ಅಂತ ಕೇಳ್ಕೊಳನ. ಬೆಂಕಿ ಮಾತ್ಯಾಕೆ?"

"ಹೊತ್ತ ಹರಕೆ ತಿದ್ದಕ್ಕೆ ಅದೇನು ಸ್ಲೇಟಾ? ಸುಮ್ಕೆ ಎಣ್ಣೆ ಹುಯ್ಯಿ."

ಸೈಕಲ್ ಬೆಲ್ ಕೇಳಿದರೆ ಸಾಕು, ಪೋಸ್ಟಿನವನೇ ಎಂದು ಮೂವರೂ ಬಾಗಿಲಿಗೆ ಬರುತ್ತಿದ್ದೆವು. ಒಂದು ಸಲ ಐಸ್ ಮಾರುವವನು ನಮ್ಮನ್ನು ಕಂಡು ಬೆಚ್ಚಿಬಿದ್ದ.

ಆರನೇ ಸೋಮವಾರ ಕಳೆದ ಮೇಲೆ ಕಾಗದ ಬಂತು. ವಾರಗಿತ್ತಿ ಒಡೆಯಲಾರದೆ ನನ್ನ ಕೈಗೆ ಕೊಟ್ಟಳು. ಬೆಂಕಿ ಆರಿಸಿದ್ದರು. ಗ್ಯಾಸನ್ನು ಕೊಳವೆಗೆ ಒತ್ತುವ ಮಿಷನ್ನಿನ ಕೆಲಸಕ್ಕೆ ಇವನನ್ನು ಹಾಕಿಕೊಂಡಿದ್ದರು. "ಈಗ ನನ್ನ ರೂಮಿನ ಕಿಟಕಿಗೂ ಕತ್ತಲೆ ಬರುತ್ತದೆ. ಇಲ್ಲಿಗೆ ಬಂದ ಮೇಲೆ ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದೆ" ಎಂದೂ ಬರೆದಿದ್ದ. ಮೇಲಿನ ತಾರೀಕು ನೋಡಿದರೆ ಹದಿನೆಂಟು ದಿನ ಹಳೆಯದು. ಆರಿದ ಬೆಂಕಿಗೆ ನಾವು ಮೂರು ಸೋಮವಾರ ಎಣ್ಣೆ ಹುಯ್ದಿದ್ದೆವು!

ವಾರಗಿತ್ತಿ ಮಗುವಿನ ನೆತ್ತಿಗೆ ಕೆನ್ನೆಯಿಟ್ಟು ಅತ್ತಳು. ಅತ್ತೆಗೆ ಬೇರೆಯದೇ ಚಿಂತೆ. "ಬಸವಣ್ಣ ನಮ್ಮ ಮಾತ ಕೇಳ್ದ ಅನ್ನನೋ, ಕೇಳ್ನಿಲ್ಲ ಅನ್ನನೋ?"

"ಕೇಳ್ನಿಲ್ವಲ್ಲ, ಅದೇ ದೊಡ್ಡ ಉಪಕಾರ ಕಣತ್ತೆ."

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಅವರಿಗೇ ನಗು ತಡೆಯಲಾಗಲಿಲ್ಲ. "ಸೋಮಾರ ನೀನೇ ಬಾ. ತಪ್ಪಾಯ್ತು ಅಂತ ನೀನೇ ಹೇಳು."

ಹೋದೆ. ತಪ್ಪಾಯಿತೆಂದೂ ಹೇಳಿದೆ, ಕೆಲಸ ಉಳಿಸಿದೆಯಲ್ಲಪ್ಪ ಎಂದೂ ಹೇಳಿದೆ. ಗುಡಿಯ ಮೆಟ್ಟಿಲಿಳಿದಾಗ ಎದುರಿಗೇ ನಮ್ಮ ಬ್ಯಾರನ್ನಿನ ಹೊಗೆ ಮೇಲೇಳುತ್ತಿತ್ತು. ನಮ್ಮ ಸೊಪ್ಪು ಇನ್ನೂ ಬೇಯಬೇಕಿತ್ತು. ಇದಕ್ಕೆ ಏನೆಂದು ಬೇಡಿಕೊಳ್ಳಲಿ ಎಂದು ತಿರುಗಿ ಗುಡಿಯ ಕಡೆ ನೋಡಿದೆ. ಸೌದೆ ಹಾಕುವ ಹೊತ್ತು ಮೀರುತ್ತಿತ್ತು. ಬೇಗ ಬೇಗ ಮನೆ ಕಡೆ ನಡೆದೆ.