ಟಿವಿಯ ಕೆಳಗಿನ ಅರ್ಧ

ವಿದ್ಯಾನಗರದ ಈ ಬಾಡಿಗೆ ಮನೆಯಲ್ಲಿ ನಾನೊಬ್ಬನೇ. ಕಾರು ಓಡಿಸುವ ವಿಡಿಯೋ ಆಟ ಆಡುವವನೂ ಒಬ್ಬನೇ. ಅದಕ್ಕೆ ಒಳಕೋಣೆಯ ಕಂಪ್ಯೂಟರ್ ಸಾಕಾಗಿತ್ತು. ಆದರೆ ಹರಿಹರದಿಂದ ಅಣ್ಣ ಫೋನ್ ಮಾಡಿ, ಭಾನುವಾರ ಬರುತ್ತೇನೆ ಎಂದ ಮೇಲೆ ಆಟವನ್ನು ಹಾಲ್‌ನ ದೊಡ್ಡ ಟಿವಿಗೆ ತರುವ ಹುಚ್ಚು ಹತ್ತಿತು.

ಅವ್ವ ಆಸ್ಪತ್ರೆಯಲ್ಲಿದ್ದಾಗ ಸಿಟ್ಟಿನಲ್ಲಿ, “ನೀನು ಇದ್ರೂ ಒಂದೇ, ಇಲ್ದಿದ್ರೂ ಒಂದೇ” ಎಂದು ಅವನಿಗೆ ಅಂದುಬಿಟ್ಟಿದ್ದೆ. ಅವ್ವ ಹೋದಳು, ಅಣ್ಣ ಮಾತು ಬಿಟ್ಟ. ಎರಡು ವರ್ಷದ ಮೇಲೆ ಈಗ ಅವನೇ ಫೋನ್ ಮಾಡಿದ್ದ! ತಪ್ಪಾಯಿತು ಎನ್ನಲು ನನ್ನ ನಾಲಿಗೆ ಎಂದೂ ಹೊರಳಿದ್ದಿಲ್ಲ. ಚಿಕ್ಕವರಿದ್ದಾಗ ಜಗಳವಾದರೆ ಸುಮ್ಮನೆ ಕಾರಿನ ಆಟಕ್ಕೆ ಕೂರುತ್ತಿದ್ದೆವು. ಪರದೆ ಮೇಲೆ ಕೆಳಗೆ ಎರಡು ಹೋಳು, ಒಬ್ಬೊಬ್ಬರ ಕಾರಿಗೆ ಒಂದೊಂದು. ಮೇಲಿನ ಅರ್ಧವೇ ಬೇಕೆಂದು ನಾನು ಹಟ ಹಿಡಿಯುತ್ತಿದ್ದೆ, ಅವನು ಕೆಳಗಿನದನ್ನು ತೆಗೆದುಕೊಳ್ಳುತ್ತಿದ್ದ.

ಉದ್ದನೆಯ ಕೇಬಲನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಟಿವಿಗೆ ಚುಚ್ಚಿದೆ. ಕಾರು ಹಾಲ್‌ನಲ್ಲಿ ಓಡಿತು, ಸದ್ದು ಮಾತ್ರ ಒಳಕೋಣೆಯಲ್ಲೇ ಮೊರೆಯಿತು. ಥತ್ ಇದರ! ಸರಿಮಾಡಲು ಅರ್ಧ ದಿನ ಹೋಯಿತು. ಭಾನುವಾರ ಎರಡು ಕಂಟ್ರೋಲರ್ ಇಟ್ಟು, ಎರಡು ಕಾರುಗಳನ್ನು ಓಟ ಶುರುವಾಗುವ ಗೆರೆಯ ಮೇಲೆ ನಿಲ್ಲಿಸಿ ಕಾದೆ.

ಅಣ್ಣ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ ನಾನು ರಿಮೋಟ್ ಒತ್ತಿ ಟಿವಿ ಆರಿಸಿದೆ. ಯಾರಾದರೂ ಮನೆಗೆ ಬಂದರೆ ಮೊದಲು ಟಿವಿ ಆರಿಸಬೇಕು, ಅದು ಬಂದವರಿಗೆ ಮರ್ಯಾದೆ ಎಂದು ಅವ್ವ ಕಲಿಸಿದ್ದಳು. ಕೈ ತನ್ನಷ್ಟಕ್ಕೆ ತಾನೇ ಮಾಡಿತು. ಸಾಲದ್ದಕ್ಕೆ ಬಾಯಿಯೂ, “ಬರ್ರಿ ಅಣ್ಣಾ, ಕೂಡ್ರಿ” ಎಂದಿತು. ಒಡಹುಟ್ಟಿದವನನ್ನು ನಾನು ನೆಂಟನನ್ನಾಗಿ ಮಾಡಿ ಕೂರಿಸಿದ್ದೆ.

ಅವನು ಮಂಡಕ್ಕಿ ತಿಂದ, ಚಹಾ ಕುಡಿದ. “ನೀರು ದಿನಾ ಬಿಡ್ತಾರಾ?” ಎಂದು ಕೇಳಿದ. ದಿನಾ ಇಲ್ಲ ಎಂದೆ. ಆರಿದ ಟಿವಿಯಲ್ಲಿ ನಾವಿಬ್ಬರೂ ಮಸುಕಾಗಿ ಕಾಣುತ್ತಿದ್ದೆವು. ಸ್ವಲ್ಪ ಹೊತ್ತಿಗೆ, “ಬಸ್ಸು ಐತೆ, ಬರ್ತೀನಿ” ಎಂದು ಎದ್ದ.

ಗೇಟಿನ ಹತ್ತಿರ ನಿಂತು ಹೇಳಿದ: “ಒಳಗೆ ಬರೋವಾಗ ಕಾರು ನೋಡ್ದೆ. ನಾ ಬಂದ ಕೂಡ್ಲೆ ಆರಿಸ್ದಿ. ನನ್ ಜೊತಿ ಆಡೋದು ನಿಂಗೆ ಬ್ಯಾಡೇನೋ ಅಂತ ಸುಮ್ನಾದೆ.”

ನಿನಗಾಗಿಯೇ ಹಚ್ಚಿಟ್ಟಿದ್ದೆ, ಒಳಗೆ ಬಾ ಎನ್ನಬೇಕಿತ್ತು. ಗೇಟಿನ ಚಿಲಕ ತೆಗೆದುಕೊಟ್ಟೆ. ಹಾಳು ನಾಲಿಗೆ, ಆಡಬಾರದಾಗ ಆಡುತ್ತದೆ! ಅವನು ಒಂದು ಗಳಿಗೆ ಕಾದು ಹೊರಟುಹೋದ.

ಒಳಗೆ ಬಂದು ಟಿವಿ ಹಚ್ಚಿದೆ. ಎರಡೂ ಕಾರುಗಳು ಗೆರೆಯ ಮೇಲೆಯೇ ನಿಂತಿದ್ದವು. ನನ್ನ ಕಂಟ್ರೋಲರ್ ಬಿಟ್ಟು ಅಣ್ಣನದನ್ನು ಎತ್ತಿಕೊಂಡೆ. ಅಳುತ್ತಲೇ ಕೆಳಗಿನ ಕಾರನ್ನು ಕೊನೆಯವರೆಗೂ ಓಡಿಸಿದೆ. ಅವನೇ ಗೆದ್ದ.